ಮಖಮಲ್ಲಿನಿಂದ ಕಾರು ತೊಳೆದವನ ತಪ್ಪೊಪ್ಪಿಗೆ

ನನ್ನ ಮುಖವನ್ನು ನನಗಿಂತ ಚೆನ್ನಾಗಿ ಬಲ್ಲ ಅಕ್ಕನಿಗೆ,

ಮೊದಲು ಶುಭವಾರ್ತೆ! ಮನೆ ಬಿದ್ದಿಲ್ಲ, ಬೆಂಕಿ ಹತ್ತಿಲ್ಲ, ನನ್ನ ಹೆಂಡತಿ ನನ್ನನ್ನು ಬಿಟ್ಟುಹೋಗಿಲ್ಲ. ನಿನ್ನ ಕಾರು ನಮ್ಮ ಅಂಗಳದಲ್ಲಿ ನಾಲ್ಕೂ ಚಕ್ರಗಳ ಮೇಲೆ ದಿವಿನಾಗಿ ನಿಂತಿದೆ. ಇಷ್ಟು ಓದುವಷ್ಟರಲ್ಲಿ ನೀನು ಕನ್ನಡಕ ಮೇಲೆ ಸರಿಸಿ, "ಏನು ಮಾಡಿದ್ಯೋ ಕೋತಿ?" ಎಂದಿರುತ್ತೀಯ. ಹೇಳುತ್ತೇನೆ, ತಾಯಿ, ಹೇಳುತ್ತೇನೆ. ಪರದೆ ಏಳುವ ಮೊದಲೇ ನನ್ನನ್ನು ಸಾಯಿಸಬೇಡ.

ನಿನ್ನ ಕಾರಿನ ಮೈಮೇಲೆ ಗೀರು ಬಿದ್ದಿವೆ. ಒಂದಲ್ಲ, ಎರಡಲ್ಲ. ನೀನು ಕೂತು ಓಡಿಸುವ ಕಡೆಯ ಬಾಗಿಲ ತುಂಬ, ಜೇಡ ಬಲೆ ನೇಯ್ದ ಹಾಗೆ, ಸುತ್ತು ಸುತ್ತಾಗಿ. ಆ ಜೇಡ ನಾನೇ.

ಅಬ್ಬಾ! ಹೇಳಿಬಿಟ್ಟೆ. ಐದು ದಿನದಿಂದ ಈ ಎರಡು ಸಾಲು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿದ್ದವು. ಮೈಕಿಲ್ಲದೆ ಕೊನೆಯ ಸಾಲಿನವನ ನಿದ್ದೆ ಕೆಡಿಸುವ ಗಂಟಲು ಇದು. ಫೋನು ಕೈಗೆತ್ತಿಕೊಂಡರೆ ಮಾತ್ರ ಬೆಕ್ಕಿನ ಮರಿಯಾಗುತ್ತಿತ್ತು. ಅದಕ್ಕೇ ಕಾಗದ.

ಮೊಮ್ಮಗಳು ಹುಟ್ಟಿದ ಸುದ್ದಿ ಬಂದ ದಿನ ನೀನು ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಕಾರಿನ ಕೀಲಿ ಹಿಡಿದು ಬಂದೆ. ಅಷ್ಟು ದೂರ ಓಡಿಸುವ ಧೈರ್ಯ ಇನ್ನೂ ಬಂದಿಲ್ಲ, ರೈಲಿಗೆ ಹೋಗುತ್ತೇನೆ ಎಂದೆ. ಕೀಲಿಯನ್ನು ನನಗೆ ಕೊಡದೆ, ಓಡಿಸಲು ಬಾರದ ನನ್ನನ್ನು ದಾಟಿ, ಓಡಿಸಲು ಬಾರದ ನನ್ನ ಹೆಂಡತಿಯ ಕೈಗಿಟ್ಟೆ. ಆಮೇಲೆ ನನ್ನ ಕಡೆ ಬೆರಳು ತೋರಿಸಿ ಏನಂದೆ? "ಧೂಳು ಕೂತ್ರೆ ಕೂರ್ಲಿ, ಹಕ್ಕಿ ಏನಾದ್ರೂ ಹಾಕಿದ್ರೆ ಹಾಕ್ಲಿ. ನೀನು ಮಾತ್ರ ಮುಟ್ಬೇಡ. ಆ ಕೂಸು ನಮ್ಮೂರಲ್ಲಿ ಮೊದಲ ಸಲ ಕೂರೋ ಗಾಡಿ ಇದು. ನಾನೇ ಓಡಿಸ್ಕೊಂಡು ಬರೋದು, ಸ್ಟೇಷನ್ನಿಂದ ಮನೇವರ‍್ಗೂ."

ಮೂರು ವಾರ ಮುಟ್ಟಲಿಲ್ಲ. ನಾಲ್ಕನೆಯ ವಾರ ಕಿಟಕಿಯಿಂದ ನೋಡುತ್ತೇನೆ, ಆ ಕಡುನೀಲಿ ಕಾರು ಬೂದಿಯಲ್ಲಿ ಹೊರಳಿ ಎದ್ದ ಕತ್ತೆಯ ಹಾಗಿದೆ! ಭಾನುವಾರ ನೀನು ಬರುವವಳು. ಅದರ ಮುಂದಿನ ವಾರ ನಿನ್ನ ಮಗಳೂ ಮಗುವೂ. ರಾಜಕುಮಾರಿಯ ರಥ ಹೀಗಿರಬಹುದೇ? ನನ್ನೊಳಗಿನ ಮಹಾರಾಜ ಎದ್ದು ನಿಂತ. ಸಮಯ ನಡುಮಧ್ಯಾಹ್ನ. ಬಿಸಿಲು ನೆತ್ತಿಯ ಮೇಲೆ, ಕಾರಿನ ಮೇಲೆ ರೊಟ್ಟಿ ಬೇಯಿಸಬಹುದಾದಷ್ಟು ಕಾವು. ಒಂದೇ ಒಂದು ಬಕೆಟ್. ಅದರಲ್ಲಿ ಬಟ್ಟೆ ಒಗೆಯುವ ಪುಡಿ, ಎರಡು ಹಿಡಿ ತುಂಬ. ನೊರೆ ಎಂದರೆ ಅಂಥಾ ನೊರೆ!

ಇನ್ನು ಬಟ್ಟೆ. ಕಾರಿಗೆ ಮೆತ್ತನೆಯ ಬಟ್ಟೆ ಬೇಕೆಂದು ನನಗೂ ಗೊತ್ತಿತ್ತು, ಅಷ್ಟು ದಡ್ಡನಲ್ಲ. ಈ ಮನೆಯಲ್ಲಿ ಅತಿ ಮೆತ್ತನೆಯದು ಯಾವುದು? ಅಟ್ಟದ ಟ್ರಂಕು ತೆರೆದೆ. ಹದಿನೇಳು ವರ್ಷ ನಾನು ರಂಗದ ಮೇಲೆ ಹೊದ್ದ ಮಹಾರಾಜನ ಮೇಲಂಗಿ! ಕೆಂಪು ಮಖಮಲ್ಲು, ಬೆಣ್ಣೆಯ ಹಾಗೆ. ಅಂಚಿನ ಜರಿಯನ್ನೆಲ್ಲ ಕೂತು ಬಿಚ್ಚಿದೆ, ಚಮಕಿಗಳನ್ನು ಒಂದೊಂದಾಗಿ ಕಿತ್ತೆ. ಹೆಂಡತಿ ಅಡುಗೆಮನೆಯ ಕಿಟಕಿಯಿಂದ, "ಅತ್ತಿಗೆ ಬೇಡ ಅಂದಿದ್ರು ಕಣ್ರೀ" ಎಂದಳು. ನಾನು ಮೇಲಂಗಿಯನ್ನು ಭುಜದ ಮೇಲೆ ಎಸೆದುಕೊಂಡು, "ಅರಸನ ಕೈಯನ್ನು ತಡೆಯುವವರಾರು!" ಎಂದು ಗುಡುಗಿದೆ. "ತಡೆಯಲ್ಲ, ಆಮೇಲೆ ಅಳೋಕೆ ನನ್ನ ಹತ್ರ ಬರ್ಬೇಡಿ" ಎಂದು ಕಿಟಕಿ ಮುಚ್ಚಿದಳು.

ಒಣ ಧೂಳಿನ ಮೇಲೆ ನೀರು ಸುರಿಯುವ ತಾಳ್ಮೆಯೂ ಇರಲಿಲ್ಲ ಅಕ್ಕ. ಬಟ್ಟೆಯನ್ನು ನೊರೆಯಲ್ಲಿ ಅದ್ದಿದವನೇ ನಿನ್ನ ಬಾಗಿಲನ್ನು ಹಿಡಿದುಕೊಂಡೆ. ಸುತ್ತಿ ಸುತ್ತಿ ಉಜ್ಜಿದೆ, ಹಾಡಿಕೊಂಡು ಉಜ್ಜಿದೆ, ಎದುರುಮನೆಯ ಹೊಲಿಗೆಯವಳು ಬಾಗಿಲಿಗೆ ಬಂದು ನೋಡುತ್ತಿದ್ದಾಳೆಂದು ಇನ್ನಷ್ಟು ಹುರುಪಿನಿಂದ ಉಜ್ಜಿದೆ. ಆಮೇಲೆ ಒಂದು ತಂಬಿಗೆ ನೀರು ಎರಚಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕೈ ಸೊಂಟದ ಮೇಲಿಟ್ಟು ನೋಡಿದೆ.

ಬಿಸಿಲಿಗೆ ನೀರು ಆರಿತು. ಬಲೆ ಕಂಡಿತು.

ಬಟ್ಟೆಯನ್ನು ಬಿಡಿಸಿ ಮಡಿಕೆಯೊಳಗೆ ಹುಡುಕಿದೆ. ಹೊಲಿಗೆಯ ಸಂದಿನಲ್ಲಿ ಸಾಸಿವೆಯಷ್ಟು ಒಂದು ಚಮಕಿ, ಅದರ ಪಕ್ಕ ಅರ್ಧ ಇಂಚಿನ ಜರಿಯ ತಂತಿ. ಸಾಲದ್ದಕ್ಕೆ ಕಾರಿನದೇ ಧೂಳು, ಮರಳುಕಾಗದದ ಹಾಗೆ. ನಾನು ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟೆ. ರಂಗದ ಮೇಲೆ ಎಷ್ಟು ರಾಜ್ಯ ಕಳೆದುಕೊಂಡಿದ್ದೇನೆ, ಎಷ್ಟು ಮಕ್ಕಳ ಹೆಣದ ಮುಂದೆ ಎದೆ ಬಡಿದುಕೊಂಡಿದ್ದೇನೆ! ಅಂದು ಆ ಚಮಕಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದೆ, ಅಷ್ಟೇ. ಹೆಂಡತಿ ಹೊರಗೆ ಬಂದು ಬಾಗಿಲು ನೋಡಿ, ನನ್ನನ್ನು ನೋಡಿ, ಬೈಯಲೂ ಇಲ್ಲ. ಅದರಿಂದಲೇ ಗೊತ್ತಾಯಿತು, ವಿಷಯ ಕೈಮೀರಿದೆ ಎಂದು.

ಯಾಕೆಂದರೆ ಆ ಬಣ್ಣ ಆರಿಸಿದ ದಿನ ನಾನು ಪಕ್ಕದಲ್ಲಿದ್ದೆ. ನಲವತ್ತು ವರ್ಷ ನಮ್ಮ ನಾಟಕ ಕಂಪನಿಯ ಎಲ್ಲರ ಮುಖಕ್ಕೂ ಬಣ್ಣ ಹಚ್ಚಿದವಳು ನೀನು, ಪರದೆಯ ಹಿಂದೆ, ಕನ್ನಡಿಯ ಆ ಕಡೆ. ಅರವತ್ತೊಂದರಲ್ಲಿ ಓಡಿಸಲು ಕಲಿತೆ. ಎರಡು ಸಲ ಪರೀಕ್ಷೆಯಲ್ಲಿ ನಪಾಸಾದೆ, ಮೂರನೆಯ ಸಲ ಪರೀಕ್ಷಕನೇ ಕೈಮುಗಿದ. ಅಂಗಡಿಯಲ್ಲಿ ಮೂರು ಗಂಟೆ ಬಣ್ಣದ ಚೀಟಿಗಳನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದೆ. ಕೆಂಪು ತೋರಿಸಿದರೆ "ರಾಜನದು" ಎಂದೆ. ಹಸಿರಿಗೆ "ಮಂತ್ರಿ". ಹಳದಿಗೆ "ಅಯ್ಯೋ, ವಿದೂಷಕ." ಮಾರುವವನು ಬೆವರು ಒರೆಸಿಕೊಂಡು ಕೊನೆಯ ಚೀಟಿ ತೆಗೆದ, ಕಪ್ಪಿಗೆ ಒಂದೇ ಮೆಟ್ಟಿಲು ಈಚೆ ನಿಂತ ಆ ನೀಲಿ. ನೀನು ಅದನ್ನು ಬಹಳ ಹೊತ್ತು ನೋಡಿ, "ಇದು ಯಾವ ವೇಷದ್ದೂ ಅಲ್ಲ. ಇದು ನನ್ದು" ಎಂದೆ. ಆ ಬಣ್ಣದ ಮೇಲೆ ನಾನು ಕೈಯಾಡಿಸಿದ್ದೆ.

ಈಗ ನನ್ನ ನೀಚತನದ ಅಂಕ. ಮುಚ್ಚಿಹಾಕಬೇಕು ಎಂದುಕೊಂಡೆ ಅಕ್ಕ. ಭಾನುವಾರದೊಳಗೆ ಗೀರು ಅಳಿಸಿಬಿಟ್ಟರೆ ನಿನಗೇನು ಕನಸು ಬೀಳುತ್ತದೆಯೇ? ಬೀದಿಯ ತುದಿಯ ಗ್ಯಾರೇಜಿಗೆ ಓಡಿದೆ. ಅಲ್ಲಿಯ ಬಣ್ಣದ ಮೇಸ್ತ್ರಿ ಮಾತಿನಲ್ಲಿ ಮಹಾ ಜಿಪುಣ. ನಾನು ಇಡೀ ಕಥೆಯನ್ನು ಅಭಿನಯಪೂರ್ವಕ ನಿವೇದಿಸಿದೆ. ಮುಗಿದ ಮೇಲೆ, "ಗಾಡಿ ಎಲ್ಲಿ?" ಎಂದರು. ಅಷ್ಟೇ.

ಬಂದರು. ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತರು. ಗೀರಿನ ಮೇಲೆ ಉಗುರು ಆಡಿಸಿದರು, ಉಗುರು ಎಲ್ಲೂ ತಡೆಯಲಿಲ್ಲ. ಬೆರಳನ್ನು ನೀರಿನಲ್ಲಿ ಅದ್ದಿ ಬಲೆಯ ಮೇಲೆ ಸವರಿದರು. ಮಾಯ! ಗೀರುಗಳೇ ಇಲ್ಲ! ನಾನು ಕುಣಿಯಲು ಕಾಲೆತ್ತಿದೆ. ನೀರು ಆರಿತು, ಮತ್ತೆ ಬಂದವು. ಕಾಲಿಳಿಸಿದೆ.

"ಬಣ್ಣಕ್ಕೆ ಏನೂ ಆಗಿಲ್ಲ," ಎಂದರು ಮೇಸ್ತ್ರಿ. "ಬಣ್ಣದ ಮೇಲೆ ಗಾಜಿನಂಥ ಒಂದು ಪದರ ಇರುತ್ತೆ. ಗೀರು ಅದ್ರಲ್ಲಿದೆ. ಉಜ್ಜಿ ಹೊಳಪು ಕೊಟ್ರೆ ಹೋಗುತ್ತೆ."

"ಹಾಗಿದ್ರೆ ಇವತ್ತೇ ಉಜ್ಜಿ, ಮಹಾನುಭಾವ!"

"ಉಜ್ಜೋದು ಅಂದ್ರೆ ಆ ಪದರವನ್ನೇ ಸ್ವಲ್ಪ ತೆಗೆಯೋದು. ಅದು ಮತ್ತೆ ಬೆಳೆಯಲ್ಲ. ಎಷ್ಟು ಸಲ ತೆಗೀಬಹುದು ಅನ್ನೋದಕ್ಕೂ ಲೆಕ್ಕ ಇದೆ. ಗಾಡಿ ನಿಮ್ದಾ?"

"ನಮ್ಮಕ್ಕಂದು."

"ಅವರು ಹೇಳ್ಲಿ. ಅವರ ಗಾಡಿ ಚರ್ಮ ತೆಗೆಯೋಕೆ ನೀವ್ಯಾರು, ನಾನ್ಯಾರು?"

ಎದ್ದು ಹೊರಟೇಬಿಟ್ಟರು! ಹಿಂದಿನ ಬೀದಿಯಲ್ಲಿ ಇನ್ನೊಂದು ಗ್ಯಾರೇಜಿದೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ಕೆಲಸ ಮುಗಿಸಿ ಕಳಿಸುತ್ತಾರೆ. ಮರುದಿನ ಅದರ ಬಾಗಿಲವರೆಗೂ ಹೋದೆ. ಹೋಗಿ ನಿಂತೆ. ನಿಂತಲ್ಲೇ ನೆನಪಾಯಿತು: ಅಷ್ಟು ವರ್ಷಗಳಲ್ಲಿ ಒಂದು ಸಲವಾದರೂ ನೀನು ನನ್ನನ್ನು ಕೇಳದೆ ರಂಗಕ್ಕೆ ಕಳಿಸಿದ್ದೀಯಾ? ಪರದೆ ಏಳುವ ಮೂರನೆಯ ಗಂಟೆ ಹೊಡೆದಿದ್ದರೂ ಕನ್ನಡಿ ಹಿಡಿದು, "ನೋಡ್ಕೋ. ಮುಖ ನಿನ್ದು" ಎನ್ನುತ್ತಿದ್ದೆ. ನಾನು ತಲೆಯಾಡಿಸಿದ ಮೇಲೆಯೇ ಪಕ್ಕಕ್ಕೆ ಸರಿಯುತ್ತಿದ್ದೆ. ಆ ಗ್ಯಾರೇಜಿನ ಬಾಗಿಲಿಂದ ಹಾಗೇ ಹಿಂದಿರುಗಿ ಮೇಸ್ತ್ರಿಯ ಬಳಿ ಹೋಗಿ, "ಅಕ್ಕನಿಗೆ ಬರೀತೀನಿ. ಅಷ್ಟರೊಳಗೆ ಕಾರು ತೊಳೆಯೋದು ಹೇಗೆ ಅಂತ ನನಗೆ ಕಲಿಸಿ" ಎಂದೆ. ಅವರು ನನ್ನನ್ನು ತಲೆಯಿಂದ ಕಾಲವರೆಗೆ ನೋಡಿ ತಮ್ಮ ತುಕ್ಕು ವ್ಯಾನನ್ನು ತೋರಿಸಿದರು. "ಮೊದ್ಲು ಇದನ್ನ ತೊಳೀರಿ. ಇದಕ್ಕೆ ನೀವು ಹೊಸದಾಗಿ ಹಾಳು ಮಾಡೋಕೆ ಏನೂ ಉಳಿದಿಲ್ಲ."

ಅಕ್ಕ, ಎಂಥ ಶಾಲೆ ಅದು! ಮೊದಲ ದಿನ ನನ್ನ ಕೈಯಿಂದ ಬಟ್ಟೆಯನ್ನೇ ಕಸಿದುಕೊಂಡರು. ಬರೀ ನೀರು. ಬೆಳಗಿನ ತಂಪಿನಲ್ಲಿ, ನೆರಳಲ್ಲಿ, ಮೇಲಿಂದ ಕೆಳಗೆ ನೀರು ಬಿಡುತ್ತ ಧೂಳು ತಾನಾಗಿ ಇಳಿದುಹೋಗುವವರೆಗೂ ಕಾಯಬೇಕು. ನಾನು ಚಡಪಡಿಸಿದೆ. "ಕಾಯ್ರಿ, ಅದೇ ಬಿಡುತ್ತೆ" ಎಂದರು. ನಾನು ಬೆಚ್ಚಿಬಿದ್ದೆ. ಇದು ನಿನ್ನ ಮಾತಲ್ಲವೇ! ಆಟ ಮುಗಿದ ಕೂಡಲೇ ನಾನು ಮುಖ ತಿಕ್ಕಿಕೊಳ್ಳಲು ಹೋದರೆ ನೀನು ಕೈ ಮೇಲೆ ಫಟೀರೆಂದು ಹೊಡೆದು, ಎಣ್ಣೆ ಸವರಿ, ಸುಮ್ಮನೆ ಕೂರಿಸುತ್ತಿದ್ದೆ. "ಕಾಯೋ, ಅದೇ ಬಿಡುತ್ತೆ. ಉಜ್ಜಿದ್ರೆ ಬಣ್ಣ ಹೋಗಲ್ಲ, ಚರ್ಮ ಹೋಗುತ್ತೆ." ಆಮೇಲೆ ಹತ್ತಿಯಿಂದ ಒತ್ತಿ ಎತ್ತುತ್ತಿದ್ದೆ, ಕೊಳೆಯಾದ ಹತ್ತಿಯನ್ನು ಮತ್ತೆ ಕೆನ್ನೆಗೆ ತಾಗಿಸುತ್ತಿರಲಿಲ್ಲ. ನನಗೀಗ ಅರವತ್ತು. ನನ್ನ ಕೆನ್ನೆಯಲ್ಲಿ ಒಂದೇ ಒಂದು ಕಲೆಯಿಲ್ಲ, ಜೊತೆಯ ನಟರೆಲ್ಲ ಹೊಟ್ಟೆಕಿಚ್ಚು ಪಡುತ್ತಾರೆ. ನಾನು ಅದನ್ನು ನಮ್ಮಪ್ಪನ ರಕ್ತ ಎಂದು ಹೇಳಿಕೊಂಡು ತಿರುಗಿದೆ. ಅದು ನಿನ್ನ ಕೈ. ಒಂದು ದಿನವೂ ಥ್ಯಾಂಕ್ಸ್ ಎನ್ನಲಿಲ್ಲ ನಾನು. ಚಪ್ಪಾಳೆಯ ಗುಂಗಿನಲ್ಲಿ ಕಣ್ಣುಮುಚ್ಚಿ ಕೂತಿರುತ್ತಿದ್ದೆ, ನೀನು ಒಬ್ಬೊಬ್ಬ ರಾಜನನ್ನೂ ಒರೆಸಿ ಒರೆಸಿ ಮತ್ತೆ ನಿನ್ನ ತಮ್ಮನನ್ನು ಹೊರಗೆ ತೆಗೆಯುತ್ತಿದ್ದೆ. ಇಷ್ಟು ತಡವಾಗಿ ಹೇಳುತ್ತಿದ್ದೇನೆ: ನಿನಗೆ ಸಾವಿರ ನಮಸ್ಕಾರ.

ಎರಡನೆಯ ದಿನ ಎರಡು ಬಕೆಟ್ ಬಂದವು. ಒಂದರಲ್ಲಿ ಕಾರಿನ ಶಾಂಪೂ ಹಾಕಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೆತ್ತನೆಯ ಕೈಗವಸಿನಂಥ ಬಟ್ಟೆಯನ್ನು ಶಾಂಪೂವಿನಲ್ಲಿ ಅದ್ದಿ, ಒಂದು ಪಟ್ಟಿ ಒರೆಸಿ, ಬರೀ ನೀರಿನಲ್ಲಿ ಅದರ ಮರಳು ಬಿಡಿಸಿ, ಆಮೇಲಷ್ಟೇ ಮತ್ತೆ ಶಾಂಪೂವಿಗೆ. "ಒಂದೇ ಬಕೆಟ್ಟಲ್ಲಿ ತೊಳೆದ್ರೆ ತೆಗೆದ ಮರಳನ್ನೇ ಮತ್ತೆ ಹಚ್ತಿದೀರಿ" ಎಂದರು. ಸುತ್ತು ಹೊಡೆಯುವಂತಿಲ್ಲ, ನೇರ ಗೆರೆ. ತಲೆಯಿಂದ ಶುರು, ಚಕ್ರಕ್ಕೆ ಬೇರೆಯದೇ ಬಟ್ಟೆ. ಒಂದು ಸಲ ಬಟ್ಟೆ ನೆಲಕ್ಕೆ ಬಿತ್ತು. ಎತ್ತಿ ಕೊಡವಿ ಮತ್ತೆ ಒರೆಸಲು ಹೋದೆ. ಮೇಸ್ತ್ರಿ ನನ್ನ ಮಣಿಕಟ್ಟು ಹಿಡಿದರು. ಬೇರೆ ಬಟ್ಟೆ ಕೊಟ್ಟರು. ಕೊನೆಗೆ ಒಣಗಿಸುವುದೂ ಉಜ್ಜುವುದಲ್ಲವಂತೆ, ದೊಡ್ಡ ಮೆತ್ತನೆಯ ಟವೆಲ್ ಹಾಸಿ ಮೆಲ್ಲಗೆ ಒತ್ತಬೇಕಂತೆ. ಆ ತುಕ್ಕು ವ್ಯಾನಿನ ಮೇಲೆ ಟವೆಲ್ ಹಾಸುವಾಗ ನಾನು ಜೋಗುಳದ ದನಿಯಲ್ಲಿ ಗುನುಗುತ್ತಿದ್ದೆನಂತೆ, ಹೊಲಿಗೆಯವಳು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಇಂದು ಬೆಳಿಗ್ಗೆ ಮೇಸ್ತ್ರಿ ವ್ಯಾನಿನ ಸುತ್ತ ಒಂದು ಸುತ್ತು ಬಂದು "ಹ್ಞೂಂ" ಎಂದರು. ಅಕ್ಕ, ಸತ್ಯವಾಗಿ ಹೇಳುತ್ತೇನೆ, ತುಂಬಿದ ಸಭಾಂಗಣ ಎದ್ದು ನಿಂತಾಗಲೂ ನನ್ನ ಎದೆ ಇಷ್ಟು ಉಬ್ಬಿರಲಿಲ್ಲ! ಓಡಿಬಂದು ಹೆಂಡತಿಗೆ ಆ "ಹ್ಞೂಂ" ಅನ್ನು ನಾಲ್ಕು ಬಗೆಯಲ್ಲಿ ಅಭಿನಯಿಸಿ ತೋರಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಐದು ದಿನದ ನಂತರ. ಆಮೇಲೆ ನಾವಿಬ್ಬರೂ ಸೇರಿ ನಿನ್ನ ಕಾರನ್ನು ತೊಳೆದೆವು, ಅವಳು ನೀರು, ನಾನು ಕೈ. ಹೊಸ ಗೀರು ಒಂದೂ ಇಲ್ಲ. ಹಳೆಯವು ಅಲ್ಲೇ ಇವೆ. ಮೋಡದ ನೆರಳಲ್ಲಿ ಕಾಣುವುದಿಲ್ಲ, ಬಿಸಿಲು ಬಿದ್ದರೆ ಎಲ್ಲವೂ ಕಾಣುತ್ತವೆ.

ಆದ್ದರಿಂದ ಭಾನುವಾರ ನೀನು ಗೇಟು ತೆರೆದವಳೇ ಒಳಗೆ ಬರಬೇಡ, ನೀರು ಕುಡಿಯಬೇಡ. ಸೀದಾ ಕಾರಿನ ಹತ್ತಿರ ಹೋಗಿ ಆ ಬಾಗಿಲನ್ನು ಬಿಸಿಲಲ್ಲಿ ನೋಡು. ಹೊಳಪು ಕೊಡಿಸು ಎಂದರೆ ಮೇಸ್ತ್ರಿಗೆ ಎರಡು ದಿನ ಸಾಕು, ಮಗು ಬರುವ ಮೊದಲೇ ಮುಗಿಯುತ್ತದೆ. ಬೇಡ, ಪದರ ಹಾಗೇ ಉಳಿಯಲಿ ಎಂದರೆ ಹಾಗೇ ಉಳಿಯುತ್ತದೆ, ನಿನ್ನ ಕೂಸು ಗೀರಿನ ಬಾಗಿಲ ಕಾರಿನಲ್ಲೇ ರಾಣಿಯ ಹಾಗೆ ಬರುತ್ತಾಳೆ. ಇನ್ನು ಮುಂದೆ ಈ ಕಾರು ನನ್ನ ಅಂಗಳದಲ್ಲಿ ನಿಲ್ಲಬೇಕೋ ಬೇಡವೋ, ಅದನ್ನೂ ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರುತ್ತೇನೆ, ವಾದ ಮಾಡುವುದಿಲ್ಲ, ಕಣ್ಣೀರು ಹಾಕುವುದಿಲ್ಲ, ಒಂದು ಪಾತ್ರವನ್ನೂ ಮೈಮೇಲೆ ಬರಿಸಿಕೊಳ್ಳುವುದಿಲ್ಲ. ನೀನು ಬಾಗಿಲು ನೋಡಿ ಮುಗಿಸುವವರೆಗೆ, ಎಷ್ಟೇ ಹೊತ್ತಾಗಲಿ, ನಿನ್ನ ತಮ್ಮ ಬಾಯಿ ತೆರೆಯುವುದಿಲ್ಲ. ನನ್ನ ಹೆಂಡತಿ ಇದನ್ನು ಓದಿ, "ಇದೊಂದನ್ನ ನೋಡೋಕೆ ಇಡೀ ಬೀದೀನೇ ಕರೀತೀನಿ" ಎನ್ನುತ್ತಿದ್ದಾಳೆ.

ಹೆಸರಿಡದ ಆ ಪುಟ್ಟ ರಾಜಕುಮಾರಿಯ ಎರಡೂ ಕೆನ್ನೆಗೆ ನನ್ನದೊಂದೊಂದು ಮುತ್ತು, ಮೆಲ್ಲಗೆ, ಒತ್ತಿ ಎತ್ತಿದ ಹಾಗೆ. ಅವಳು ನೂರು ವರ್ಷ ನಗುತ್ತಿರಲಿ, ನೀನು ಅವಳನ್ನು ಊರೆಲ್ಲ ಸುತ್ತಿಸುತ್ತಿರು.

ಭಾನುವಾರದ ಬಿಸಿಲಿಗಾಗಿ ಎದೆ ಗಟ್ಟಿಮಾಡಿಕೊಂಡು ಕಾಯುತ್ತಿರುವ,
ನಿನ್ನ ತಮ್ಮ