ನಾನು ಓದಿದ ಕಾಗದ

೧೬ ನವೆಂಬರ್ ೧೯೬೧, ಗುರುವಾರ. ಹುಕ್ಕೇರಿ

ಕಣಗಲಾದ ಉದ್ದವ್ವ ಇವತ್ತು ಮತ್ತೆ ಶಾಲೆಗೆ ಬಂದಿದ್ದಳು. ಕೈಯಲ್ಲಿ ತಂತಿ. ಅದನ್ನು ಪೋಸ್ಟಮನ್ ಆಗಲೇ ಓದಿ ಹೇಳಿದ್ದ: ಮಗ ಸತ್ಯಪ್ಪ ಪುಣೆಯ ದವಾಖಾನೆಯಲ್ಲಿ ತೀರಿಕೊಂಡಿದ್ದಾನೆ.

ಹೋದ ವಾರ ಡಾಕ್ಟರರ ಇಂಗ್ಲಿಷ್ ಕಾಗದವನ್ನು ಅವಳಿಗೆ ಓದಿ ಹೇಳಿದವನು ನಾನು. ಗುಣವಾಗಬಹುದು, ಆದರೂ ಮನೆಯವರು ಬೇಗ ಬರಬೇಕು ಎಂದಿತ್ತು. ಅವಳು ಪುಣೆಗೆಂದು ರೊಟ್ಟಿಯ ಬುತ್ತಿ ಕಟ್ಟಿಕೊಂಡೇ ಬಂದಿದ್ದಳು. ಆ ಮುಖ ನೋಡಲಾಗದೆ, "ಆರಾಮ ಆಗತಾನ, ಕಾಳಜಿ ಮಾಡಬ್ಯಾಡ" ಎಂದುಬಿಟ್ಟೆ. ಅವಳು ನಕ್ಕಳು. "ಹಂಗಾದ್ರ ಇದನ್ನ ನೀವ ಉಣ್ರಿ" ಎಂದು ಬುತ್ತಿಯನ್ನು ನನ್ನ ಮೇಜಿನ ಮೇಲಿಟ್ಟು ಊರಿಗೆ ಮರಳಿದಳು. ನಾನು ಉಂಡೆ.

‘ಮೇ’ ಎಂದರೆ ಆಗಬಹುದು, ‘ವಿಲ್’ ಎಂದರೆ ಆಗುತ್ತದೆ. ಹನ್ನೊಂದು ವರ್ಷದಿಂದ ಇದನ್ನೇ ಕಲಿಸುತ್ತಿದ್ದೇನೆ. ತಪ್ಪಿದ ಹುಡುಗರ ಅಂಗೈಗೆ ಛಡಿ ಏಟು ಹಾಕುತ್ತೇನೆ. ಥೂ.

ಇವತ್ತು ಅವಳು ಅಳಲಿಲ್ಲ. "ಮಾಸ್ತರ್ರ, ಕಾಗದದಾಗ ಖರೇನ ಆರಾಮ ಆಗತಾನಂತ ಬರದಿತ್ತೇನ್ರಿ?" ಎಂದಷ್ಟೇ ಕೇಳಿದಳು.

"ಹೌದು" ಎಂದೆ.

"ಹಂಗಾದ್ರ ನಿಮ್ಮದೇನ ತಪ್ಪೈತ್ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದು ನನಗೇ ಸಮಾಧಾನ ಹೇಳಿ ಹೋದಳು.

ಬುತ್ತಿ ಕಟ್ಟಿದ್ದ ಅರಿವೆ ಇನ್ನೂ ಗೂಟದಲ್ಲಿದೆ. ಅದನ್ನಾದರೂ ಅವಳಿಗೆ ಮರಳಿಸಬೇಕಿತ್ತು.