ಟಕ್ ಎನ್ನುವ ಫೋನು

ಜನವರಿ 24, 2011, ಸೋಮವಾರ. ಬೆಳಿಗ್ಗೆ 7

ಕೊರಳ ಉಸಿರಾಟದ ಕೊಳವೆ ತೊಳೆದಾಯಿತು, ಹಾಕಿದ್ದಾಯಿತು. ವರ್ನ್ ಮತ್ತೆ ಮೊಟ್ಟೆ ಸೀಯಿಸಿದ. ಬೈಯೋಣವೆಂದರೆ ದನಿಯಿಲ್ಲ. ಸೆಪ್ಟೆಂಬರಿನಲ್ಲಿ ಕ್ಯಾನ್ಸರ್ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದರು. ಹತ್ತೊಂಬತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳ ಗಲಾಟೆಯನ್ನು ಮೀರಿ ಕೂಗಿದವಳು ನಾನು. ಈಗ ಗಂಡನನ್ನು ಗದರಿಸಲು ಬಾಣಲೆ ಕುಕ್ಕಬೇಕು. ಎರಡು ಸಲ ಕುಕ್ಕಿದೆ.

ಜನವರಿ 27

ಅಂಗಡಿಯಲ್ಲಿ ಮಿಸೆಸ್ ಪ್ರೆಂಟಿಸ್ ಸಿಕ್ಕರು — ಅಡುಗೆಮನೆಯ ಮೇಲ್ವಿಚಾರಕಿ. ಕೆಲಸಕ್ಕೆ ಯಾವಾಗ ಬರುತ್ತೀರಿ ಎಂದರು. ಚೀಟಿ ಬರೆದೆ: ಫೆಬ್ರುವರಿಯಲ್ಲಿ ಬರುತ್ತೇನೆ, ನನ್ನ ಜಾಗ ಯಾರಿಗೂ ಕೊಡಬೇಡಿ. ಅವರ ಕನ್ನಡಕ ಕಾರಿನಲ್ಲಿತ್ತು. ವರ್ನ್ ಚೀಟಿ ಕಸಿದುಕೊಂಡು ಓದಿದ —

"ಡಾರ್ಲೀನ್ ನಿಮಗೆ ತುಂಬಾ ಥ್ಯಾಂಕ್ಸ್ ಹೇಳ್ತಿದಾಳೆ. ಇನ್ಮೇಲೆ ಮನೇಲೇ ಆರಾಮಾಗಿರ್ತಾಳಂತೆ."

ಕಣ್ಣು ಮಿಟುಕಿಸದೆ ಓದಿದ! ಅವರು ನನ್ನನ್ನು ತಬ್ಬಿ ಹೋದರು. ನನ್ನ ಕೈಯಲ್ಲಿ ಟೊಮೇಟೊ ಡಬ್ಬಿಯಿತ್ತು. ಅವನ ಮೇಲೆ ಎಸೆಯಬೇಕಿತ್ತು.

ಜನವರಿ 31

ಪ್ರೆಂಟಿಸ್‌ಗೆ ಕಾಗದ ಹಾಕಿದ್ದೆ. ಉತ್ತರ ಬಂತು. ಫೆಬ್ರುವರಿ ಹದಿನೆಂಟಕ್ಕೆ ಬನ್ನಿ, ಮಾತಾಡೋಣ. ಆದರೆ ಬಿಸಿ ತಟ್ಟೆ ಹೊತ್ತು ಇನ್ನೊಬ್ಬರ ಬೆನ್ನ ಹಿಂದೆ ಹಾಯುವಾಗ 'ಬಿಸಿ, ಹಿಂದೆ ಇದೀನಿ' ಎನ್ನದಿದ್ದರೆ ಯಾರಾದರೂ ಸುಟ್ಟುಕೊಳ್ಳುತ್ತಾರೆ — ನೀವು ಹೇಗೆ ಹೇಳುತ್ತೀರಿ?

ನ್ಯಾಯವಾದ ಪ್ರಶ್ನೆ. ಅದಕ್ಕೇ ಇನ್ನಷ್ಟು ಸಿಟ್ಟು.

ಆಸ್ಪತ್ರೆಯ ನರ್ಸ್ ಹೇಳಿದ್ದು ನೆನಪಾಯಿತು: ಬೆರಳಚ್ಚು ಮಾಡಿದ್ದನ್ನು ಗಟ್ಟಿಯಾಗಿ ಓದುವ ಫೋನುಗಳಿವೆಯಂತೆ. ವರ್ನ್‌ಗೆ ಬರೆದು ತೋರಿಸಿದೆ. ಸ್ಪಷ್ಟವಾಗಿ ಬರೆದೆ — ಗುಂಡಿಗಳಿರಬೇಕು.

ಫೆಬ್ರುವರಿ 14

ವ್ಯಾಲೆಂಟೈನ್ ಉಡುಗೊರೆ. ಕೆಂಪು ಕಾಗದ, ರಿಬ್ಬನ್. ಒಳಗೆ ಬರೀ ಗಾಜು. ಒಂದು ಗುಂಡಿಯೂ ಇಲ್ಲ.

"ಈಗ ಎಲ್ರೂ ಇದನ್ನೇ ತಗೊಳ್ಳೋದು ಕಣೇ," ಎಂದ, ಹಲ್ಲು ಕಿರಿದು.

ಚಿಕಿತ್ಸೆಯಿಂದ ನನ್ನ ಬೆರಳ ತುದಿಗಳು ಜೋಮು ಹಿಡಿದಿವೆ. ಗಾಜಿನ ಮೇಲೆ ಎಲ್ಲಿ ಮುಟ್ಟಿದೆನೆಂಬುದೇ ತಿಳಿಯದು. ತಲೆ ತಗ್ಗಿಸಿ ಹುಡುಕಿ ಹುಡುಕಿ ಒಂದು ಸಾಲು ಮುಗಿಸುವಷ್ಟರಲ್ಲಿ ಅವನು ನನ್ನ ಪರವಾಗಿ ಮೂರು ಮಾತಾಡಿ ಮುಗಿಸಿದ್ದ. ಚಾಕೊಲೇಟ್ ಡಬ್ಬಿ ಒಬ್ಬಳೇ ಖಾಲಿ ಮಾಡಿದೆ.

ಫೆಬ್ರುವರಿ 16

ಫೋನ್ ಅಂಗಡಿಗೆ ಹೋದೆ. ಒಬ್ಬಳೇ. ಗುಂಡಿಗಳಿರುವುದಕ್ಕೆ ಬದಲಾಯಿಸಿಕೊಡಿ ಎಂದು ಅಲ್ಲಿನ ಹುಡುಗಿಗೆ ಚೀಟಿ ಕೊಟ್ಟೆ. ಆಕೆ ನನಗೆ ಕಿವಿಯಿಲ್ಲವೆಂದುಕೊಂಡು ಅರಚಿದಳು: "ಮೇಡಂ! ಸ್ಲೈಡ್ ಕೀಬೋರ್ಡ್ ಎಲ್ಲಾ ಹಳೇದಾಯ್ತು! ಹೈಸ್ಕೂಲ್ ಹುಡುಗೀರೂ ಬಿಟ್ಟಿದಾರೆ!"

ಕೈಚೀಲದಿಂದ ಶಾಲೆಯ ಅಡುಗೆಮನೆಯಲ್ಲಿ ಇಡೀ ದಿನ ಹಾಕಿಕೊಳ್ಳಬೇಕಾದ ಪ್ಲಾಸ್ಟಿಕ್ ಕೈಗವಸು ತೆಗೆದು ಹಾಕಿಕೊಂಡೆ. ಅವಳ ಹೊಳೆಯುವ ಫೋನುಗಳನ್ನು ಒಂದೊಂದಾಗಿ ಒತ್ತಿದೆ. ಒಂದರಲ್ಲೂ ನೆಟ್ಟಗೆ ಒಂದು ಪದ ಮೂಡಲಿಲ್ಲ. ಕೆಳಗಿನ ಸಾಲಿನ ಮೂಲೆಯಲ್ಲಿ ದಪ್ಪನೆಯದೊಂದಿತ್ತು. ಅದರ ಮೇಲಿನ ಪರದೆ ಪಕ್ಕಕ್ಕೆ ತಳ್ಳಿದೆ — ಟಕ್. ಐದು ಸಾಲು ಗುಂಡಿಗಳು, ಒಂದೊಂದೂ ಜೋಮು ಹಿಡಿದ ಬೆರಳಿಗೂ ಸಿಗುವಂತೆ ಉಬ್ಬಿ ನಿಂತಿವೆ. ಅವಳನ್ನೇ ದುರುಗುಟ್ಟಿ ನೋಡುತ್ತಾ, ಕೆಳಗೆ ನೋಡದೆ, ಬರೆದು ತಿರುಗಿಸಿದೆ: ನನಗೆ ಕಿವಿ ಚೆನ್ನಾಗಿ ಕೇಳುತ್ತದೆ.

ಕೊನೆಯದಂತೆ ಅದು, ಬರೆದದ್ದನ್ನು ಗಟ್ಟಿಯಾಗಿ ಓದುತ್ತದೆ ಕೂಡ. ಗಾಜಿನದನ್ನು ಕೊಟ್ಟು ಅದನ್ನೇ ತಂದೆ.

ಫೆಬ್ರುವರಿ 18, ಶುಕ್ರವಾರ

ಬೇಡವೆಂದರೂ ವರ್ನ್ ಬಂದ. ಪ್ರೆಂಟಿಸ್ ಅವನನ್ನೇ ಕೇಳಿದರು, "ಇವರಿಗೆ ನಿಜವಾಗ್ಲೂ ಕೆಲಸ ಮಾಡೋಕಾಗುತ್ತಾ?"

ಅವನು ಬಾಯಿ ತೆರೆದ. ನಾನು ಫೋನ್ ತಳ್ಳಿದೆ. ಟಕ್. ಆ ಸದ್ದಿಗೆ ಇಬ್ಬರೂ ತಿರುಗಿದರು. ಕೈ ಮೇಜಿನ ಕೆಳಗೆ, ಕಣ್ಣು ಪ್ರೆಂಟಿಸ್ ಮೇಲೆ. ನಾನು ಒತ್ತಿದ್ದನ್ನು ಫೋನಿನೊಳಗಿನ ಹೆಂಗಸು ರೈಲ್ವೆ ನಿಲ್ದಾಣದ ಪ್ರಕಟಣೆಯ ದನಿಯಲ್ಲಿ ಹೇಳಿದಳು:

"ನನ್ನನ್ನ ಕೇಳಿ. ಅವತ್ತು ವರ್ನ್ ಓದಿದ್ದು ಸುಳ್ಳು."

ಆಮೇಲೆ ಕೈಗವಸು ಹಾಕಿ, ಮೊದಲೇ ಬರೆದಿಟ್ಟಿದ್ದ ಮಾತಿಗೆ ಒಂದೇ ಗುಂಡಿ ಒತ್ತಿದೆ. "ಬಿಸಿ! ಹಿಂದೆ ಇದೀನಿ!" ಪ್ರೆಂಟಿಸ್ ಬೆಚ್ಚಿ ಕುರ್ಚಿ ಸರಿಸಿದರು. ನಕ್ಕರು. ಸೋಮವಾರ ರಜೆ, ಮಂಗಳವಾರ ಆರಕ್ಕೆ ಬನ್ನಿ ಎಂದರು.

ಕಾರಿನಲ್ಲಿ ವರ್ನ್ ಸ್ಟಿಯರಿಂಗ್ ಹಿಡಿದು ಅತ್ತ. "ಐಸಿಯುನಲ್ಲಿ ನೀನು ಉಸಿರು ಕಟ್ಟಿ ನೀಲಿಗಟ್ಟಿದ್ದೆ ಕಣೇ. ನೋಡ್ದೋನು ನಾನು. ನೀನಲ್ಲ."

ಟಕ್. "ಹಾಗಾದ್ರೆ ನಿನ್ನ ಭಯ ಅಂತ ಹೇಳು. ನನ್ನ ಮಾತು ಅನ್ಬೇಡ."

ನನ್ನ ಸಿಟ್ಟು ಇಳಿದಿಲ್ಲ.

ಫೆಬ್ರುವರಿ 22, ಮಂಗಳವಾರ. ಬೆಳಿಗ್ಗೆ 5:20

ಅಡುಗೆಮನೆಯಲ್ಲಿ ಕೂದಲಿಗೆ ಹಾಕುವ ಬಲೆ ಸಿಕ್ಕಿತು. ಏಪ್ರನ್ ಸೊಂಟಕ್ಕೆ ಸಡಿಲ. ವರ್ನ್ ನಾನು ಕೇಳದೆಯೇ ಹಿಮ ಕೆರೆದು ಕಾರು ಬಿಸಿ ಮಾಡುತ್ತಿದ್ದಾನೆ. ಆಗಲೇ ತಿಂಡಿಯ ಮೇಜಿನಲ್ಲಿ ಫೋನಿನ ಟಕ್ ಸದ್ದು ಕೇಳಿದ್ದೇ ಬಾಯಿಗಿಟ್ಟ ಟೋಸ್ಟ್ ಕೆಳಗಿಟ್ಟು ನನ್ನ ಮಾತಿಗೆ ಕಾದ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

ಆ ಚೀಟಿಯ ವಿಷಯ ಇನ್ನೂ ಮುಗಿದಿಲ್ಲ. ಅವನಿಗೆ ಗೊತ್ತಾಗಬೇಕು, ಅವತ್ತು ಅಂಗಡಿಯಲ್ಲಿ ನನಗೆ — ಆದರೆ ಇಲ್ಲಿ ಯಾಕೆ ಬರೆಯುತ್ತಿದ್ದೇನೆ, ಅವನಿಗೇ ಹೇಳುತ್ತೇನೆ, ಈಗಲೇ, ಕಾರಿನಲ್ಲಿ.