ಮೂರನೇ ಶ್ರುತಿ

ವಿಶಾಲಾಕ್ಷಿ,

ಇಂದು ಹಾಸನದ ಸಂಗೀತ ಸ್ಪರ್ಧೆಗೆ ನಾನು ತೀರ್ಪುಗಾರಳಾಗಿದ್ದೆ. ಹುಡುಗಿಯರಿಗೆಲ್ಲ ಶ್ರುತಿಪೆಟ್ಟಿಗೆಯನ್ನು ಎತ್ತರದ ಐದನೇ ಶ್ರುತಿಗೇ ಇಡಬೇಕೆಂಬುದು ಅಲ್ಲಿಯ ನಿಯಮ. ಅರಕಲಗೂಡಿನ ಮಾನ್ಯಳದು ತಗ್ಗು ದನಿ, ನೀನು ಕ್ಯಾಸೆಟ್ ಸವೆಯುವಷ್ಟು ಕೇಳುತ್ತಿದ್ದ ಗಾಯಕಿಯರ ಹಾಗೆ. ಮೇಲಿನ ಷಡ್ಜಕ್ಕೆ ಗಂಟಲು ಕಟ್ಟಿ ಹುಡುಗಿ ನಿಂತುಬಿಟ್ಟಳು.

"ಗಂಡಸ್ರ ಗಂಟ್ಲು ಕಣಮ್ಮ ಇದು. ಮುಂದಿನೋಳ್ನ ಕರೀರಿ," ಎಂದರು ಹಿರಿಯ ತೀರ್ಪುಗಾರರು.

ನಾವು ಹುಡುಗಿಯರಾಗಿದ್ದಾಗ ಹೊಳೆನರಸೀಪುರದ ಸ್ಪರ್ಧೆಯಲ್ಲಿ ನಿನ್ನನ್ನು ಹೀಗೆಯೇ ವೇದಿಕೆಯಿಂದ ಇಳಿಸಿದಾಗ ಮುಂದಿನವಳು ನಾನು. ಎದ್ದು ಹೋಗಿ ಹಾಡಿದೆ, ಬಹುಮಾನ ತಂದೆ. ಆಮೇಲೆ ಸಾಯುವ ತನಕ ನೀನು ಹಾಡಲೇ ಇಲ್ಲ.

ಇಂದೂ ಎದ್ದೆ. ಹೋಗಿ ಪೆಟ್ಟಿಗೆಯನ್ನು ಮೂರಕ್ಕೆ ಇಳಿಸಿದೆ.

"ರೂಲ್ಸ್ ಮುರೀತೀರಾ ಮೇಡಂ?"

"ನಾನೇ ಮುರ್ದೆ ಅಂತ ಬರ್ಕೊಳಿ ಸಾ."

ಮಾನ್ಯ ಪೂರ್ತಿ ಹಾಡಿದಳು. ಅವರು ಸೊನ್ನೆ ಅಂಕ ಬರೆದರು.

ನಿನ್ನ ಶ್ರುತಿ ಮೂರೋ, ಎರಡೂವರೆಯೋ, ನಾನು ಒಮ್ಮೆಯೂ ಕೇಳಿರಲಿಲ್ಲ.